ತಂಡದ ಜೊತೆಗೆ ಬಂದ ರೆಫರಿ

ಮಾರ್ಚ್ 9, ಭಾನುವಾರ

ಎರಡು ತಿಂಗಳಿಂದ ಈ ಪುಸ್ತಕದಲ್ಲಿ ಒಂದಕ್ಷರ ಬರೆದಿಲ್ಲ. ದುಃಖದಿಂದ ಅಂತಲ್ಲ, ಪೆನ್ನು ಸಿಕ್ಕಿರಲಿಲ್ಲ. ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಅನ್ನುವುದು ನನ್ನ ಹೆಂಡತಿ ಇಕುಯೊಗೆ ಮಾತ್ರ ಗೊತ್ತಿತ್ತು. ಅವಳು ಜನವರಿಯಲ್ಲಿ ಹೇಳದೆ ಕೇಳದೆ ಹೊರಟುಬಿಟ್ಟಳು. ಇವತ್ತು ಅಕ್ಕಿ ಡಬ್ಬಿಯ ಹಿಂದೆ ಮೂರು ಪೆನ್ನು ಸಿಕ್ಕವು. ಅಲ್ಲೇಕೆ ಇಟ್ಟೆ ಎಂದು ಅವಳ ಫೋಟೋದ ಮುಂದೆ ಕೂತು ಕೇಳಿದೆ. ಮಧ್ಯಾಹ್ನಕ್ಕೆ ಏನು ತಿನ್ನಲಿ ಎಂದೂ ಕೇಳಿದೆ. ಮೂಲೆ ಅಂಗಡಿಯ ಡಬ್ಬಿ ಊಟ ತಂದೆ, ನಿನ್ನೆಯದೇ ಬಗೆ.

ಹತ್ತು ಗಂಟೆಗೆ ಇಬ್ಬರು ಬಂದಿದ್ದರು. ಒಬ್ಬ ನೆಗಿಶಿ, ಟೈರು ಅಂಗಡಿಯವನು, ನಮ್ಮೂರಿನ ಫುಟ್‌ಬಾಲ್ ತಂಡ ಇಸೊಮಿ ಕ್ಲಬ್ಬಿನ ನಾಯಕ. ನಲವತ್ತೊಂದು ವರ್ಷ, ಬಲ ಮಂಡಿಗೆ ಸದಾ ಪಟ್ಟಿ. ಇನ್ನೊಬ್ಬ ಜಿಕಾಯ್, ಗುಡ್ಡದ ಮೇಲಿನ ಗುಡಿಯ ಪುರೋಹಿತ, ತಂಡದ ಗೋಲ್‌ಕೀಪರ್. ಇಕುಯೊ ತೀರಿಕೊಂಡ ನಲವತ್ತೊಂಬತ್ತನೇ ದಿನದ ಮಂತ್ರ ಹೇಳಿದವನೂ ಇವನೇ. ಊದುಬತ್ತಿ ಹಚ್ಚಿದರು, ಕೈಮುಗಿದರು, ಮಂಡಿಯೂರಿ ಕೂತರು.

"ಉರಾಬೆಸಾನ್, ಒಂದು ಮಾತಿತ್ತು," ಎಂದು ನೆಗಿಶಿ ನನ್ನ ಕಡೆ ತಿರುಗಿದ.

"ಹೇಳಪ್ಪ."

"ಹೇಳೋಕೆ ಬಾಯೇ ಬರ್ತಿಲ್ಲ."

"ಹಾಗಾದ್ರೆ ಚಹಾ ಕುಡಿ."

ಮೂರನೇ ಲೋಟಕ್ಕೆ ಬಾಯಿ ಬಂತು. ನಮ್ಮ ಪ್ರಾಂತ್ಯದ ಮೂರನೇ ವಿಭಾಗದ ಲೀಗಿನಲ್ಲಿ ರೆಫರಿಗಳೆಂದು ಬೇರೆ ಜನ ಇಲ್ಲವಂತೆ. ಪ್ರತಿ ತಂಡವೂ, ಆಡುವವರನ್ನು ಬಿಟ್ಟು, ತನ್ನ ಜೊತೆಗೊಬ್ಬ ಲೈಸೆನ್ಸ್ ಇರುವ ರೆಫರಿಯನ್ನು ಕರೆತರಬೇಕು. ತಮ್ಮ ಆಟ ಮುಗಿದ ಮೇಲೆ, ಇಲ್ಲವೇ ಮೊದಲು, ಬೇರೆಯವರ ಪಂದ್ಯಕ್ಕೆ ಅವನು ಸೀಟಿ ಊದಬೇಕು. ತರದಿದ್ದರೆ ಆಡಿ ಗೆದ್ದರೂ ಸೋಲು. ಮೂರು ಸಲ ತರದಿದ್ದರೆ ಲೀಗಿನಿಂದಲೇ ಹೊರಗೆ. ಹನ್ನೊಂದು ವರ್ಷ ಇಸೊಮಿಗೆ ಆ ಕೆಲಸ ಮಾಡಿದವಳು ನನ್ನ ಹೆಂಡತಿ. ನಾನು ಒಂದು ಸಲವೂ ನೋಡಲು ಹೋಗಿರಲಿಲ್ಲ. ಭಾನುವಾರ ನನಗೆ ಮೀನು ಹಿಡಿಯುವ ದಿನ.

"ಮನೇಲಿ ಬೇರೆ ಯಾರಾದ್ರೂ ಇದಾರಾ, ಆ ಕೆಲಸಕ್ಕೆ?" ಎಂದ ಜಿಕಾಯ್.

"ಮನೇಲಿ ನಾನೊಬ್ಬನೇ ಇರೋದು."

"ನಾವೂ ಅಷ್ಟೇ ಎಣಿಸಿದ್ವಿ."

"ಅರವತ್ತೆಂಟು ಆಯ್ತಪ್ಪ ನನಗೆ! ಆಫ್‌ಸೈಡ್ ಅಂದ್ರೇನು ಅಂತಾನೂ ಗೊತ್ತಿಲ್ಲ."

"ನಮ್ಮ ಮುಂದಿನ ಸಾಲಿನವರಿಗೂ ಗೊತ್ತಿಲ್ಲ," ಎಂದ ನೆಗಿಶಿ. "ಹದಿನಾಲ್ಕು ವರ್ಷದಿಂದ ಆಡ್ತಿಲ್ವಾ?"

ಯೋಚನೆ ಮಾಡುತ್ತೇನೆ ಎಂದೆ. ನಮ್ಮ ಕಡೆ ಹಾಗಂದರೆ ‘ಆಗುವುದಿಲ್ಲ’ ಎಂದೇ ಅರ್ಥ, ಹಾಲು ಕುಡಿಯುವ ಮಗುವಿಗೂ ಗೊತ್ತು. ಇವರಿಬ್ಬರೂ ಹಣೆ ಚಾಪೆಗೆ ತಾಗುವಷ್ಟು ಬಾಗಿ, "ತುಂಬಾ ಉಪಕಾರ ಆಯ್ತು" ಎಂದು ಎದ್ದು ಹೋಗಿಬಿಟ್ಟರು. ಬಾಗಿಲವರೆಗೆ ಓಡಿದೆ. ಅಷ್ಟರಲ್ಲಿ ವ್ಯಾನು ಹೊರಟಾಗಿತ್ತು.

ಮಾರ್ಚ್ 23, ಭಾನುವಾರ

ರೆಫರಿ ಪರೀಕ್ಷೆ ಪಾಸು! ನಾಲ್ಕನೇ ದರ್ಜೆ. ಎಲ್ಲಕ್ಕಿಂತ ಕೆಳಗಿನದು, ಆದರೂ ದರ್ಜೆಯೇ.

ಪರೀಕ್ಷೆ ಕೊಠಡಿಯಲ್ಲಿ ನಲವತ್ತು ಜನ, ನನ್ನ ಬಿಟ್ಟು ಎಲ್ಲರ ತಲೆಯಲ್ಲೂ ಕಪ್ಪು ಕೂದಲು. ನಿಯಮ ಪುಸ್ತಕ ಓದುತ್ತ ಓದುತ್ತ ಕಾಲೇಜಿನ ಇಂಗ್ಲಿಷ್ ತಾನಾಗಿ ನಾಲಿಗೆಗೆ ಬಂತು. ಎರಡು ವರ್ಷ ಇಂಗ್ಲಿಷ್ ಸಾಹಿತ್ಯ ಓದಿ, ಮುಗಿಸದೆ ಊರಿಗೆ ಬಂದು ಮೀನಿನ ಕಡುಬಿನ ಕಾರ್ಖಾನೆ ಸೇರಿದವನು ನಾನು. ನಮ್ಮ ಮೇಷ್ಟ್ರು ಒಬ್ಬರು, "ಜಂಟಲ್‌ಮನ್ ಈಸ್ ನೆವರ್ ಹರ್ರಿ" ಅನ್ನುತ್ತಿದ್ದರು. ಅಥವಾ "ನೆವರ್ ಹಂಗ್ರಿ". ಅವಸರವೋ ಹಸಿವೋ, ಎರಡರಲ್ಲಿ ಒಂದು. ನನಗೆ ಎರಡೂ ಇದ್ದವು, ಬರುವಾಗ ಎರಡು ಬಟ್ಟಲು ನೂಡಲ್ಸ್ ತಿಂದೆ.

ಲೈಸೆನ್ಸನ್ನು ಇಕುಯೊಗೆ ತೋರಿಸಿದೆ. ಸರಿಯಾ ಎಂದು ಕೇಳಿದೆ.

ಏಪ್ರಿಲ್ 2, ಬುಧವಾರ

ನೆಗಿಶಿಯ ಅಂಗಡಿಗೆ ಹೋಗಿದ್ದೆ. ಈ ಲೀಗು ಎಲ್ಲಿ ನಿಂತಿದೆ, ಯಾವುದರ ಮೇಲಿದೆ, ಯಾವುದರ ಕೆಳಗಿದೆ ಅನ್ನುವುದು ತಲೆಗೆ ಹೋಗುತ್ತಿಲ್ಲ ಎಂದೆ. ಅವನು ಒಂದರ ಮೇಲೊಂದು ಒಂಬತ್ತು ಟೈರು ಪೇರಿಸಿದ.

"ಮೇಲಿನ ಮೂರು ದುಡ್ಡಿಗೆ ಆಡೋರದ್ದು. ಜೆ ಒಂದು, ಜೆ ಎರಡು, ಜೆ ಮೂರು. ಟಿವೀಲಿ ಬರುತ್ತಲ್ಲ, ಅದು. ನಾಲ್ಕನೇದು ಇಡೀ ದೇಶಕ್ಕೆ ಒಂದೇ ಲೀಗು. ಅಲ್ಲಿ ಅರ್ಧ ಜನ ಕಂಪನಿ ನೌಕರರು, ಅರ್ಧ ಜನ ಕನಸು ಕಾಣೋರು. ಐದು, ಆರು, ದೇಶಾನ ಒಂಬತ್ತು ತುಂಡು ಮಾಡಿ ಒಂದೊಂದು ತುಂಡಿಗೆ ಒಂದೊಂದು. ಏಳು ನಮ್ಮ ಪ್ರಾಂತ್ಯದ ಮೊದಲನೇ ವಿಭಾಗ, ಎಂಟು ಎರಡನೇದು."

"ಕೆಳಗಿರೋ ಒಂಬತ್ತನೇದು ನಾವಾ?"

"ನಾವೇ."

"ನಮ್ಮ ಕೆಳಗೆ?"

"ನೆಲ."

ಇಬ್ಬರೂ ಸ್ವಲ್ಪ ಹೊತ್ತು ಆ ಟೈರಿನ ಗೋಪುರವನ್ನೇ ನೋಡಿದೆವು. ಗೋಪುರ ಎಂದರೂ ಎಲ್ಲಾ ಭಾರ ಕೆಳಗಿನ ಟೈರಿನ ಮೇಲೇ ಅಲ್ಲವೇ. ಅದನ್ನು ಹೇಳಿದೆ. ನೆಗಿಶಿಗೆ ಖುಷಿಯಾಗಿ ಕಾಫಿ ಕೊಡಿಸಿದ.

ಆಮೇಲೆ ಹಳೆಯ ಕತೆ ಬಂತು. ಅದು ಅವನಿಗಿಂತ ನನಗೇ ಹೆಚ್ಚು ಗೊತ್ತು. ಶೋವಾ ನಲವತ್ತರಲ್ಲಿ, ಅಂದರೆ 1965ರಲ್ಲಿ, ದೇಶದ ಮೊದಲ ಲೀಗು ಶುರುವಾದಾಗ ಆಡಿದವರೆಲ್ಲ ಕಾರ್ಖಾನೆಯವರು. ಉಕ್ಕು, ಹಡಗು, ಕಾರು. ದೊಡ್ಡವರನ್ನು ನೋಡಿ ಸಣ್ಣವರೂ ಶುರುಮಾಡಿದರು. ಶೋವಾ ಐವತ್ತನಾಲ್ಕರಲ್ಲಿ, 1979ಕ್ಕೆ, ನಮ್ಮ ಕಡುಬಿನ ಕಾರ್ಖಾನೆಗೂ ಒಂದು ತಂಡ ಬಂತು. ಆಟಗಾರರು ಮಧ್ಯಾಹ್ನ ಅಭ್ಯಾಸಕ್ಕೆಂದು ಹೊರಟುಬಿಡುತ್ತಿದ್ದರು, ಅವರ ಪಾಲಿನ ಕಡುಬನ್ನೂ ನಾನೇ ಬೇಯಿಸುತ್ತಿದ್ದೆ. ಫುಟ್‌ಬಾಲ್ ಎಂದರೆ ನನಗೆ ಹಬೆಯ ಬೆವರು, ಅದಕ್ಕೇ ಆ ಕಡೆ ತಲೆ ಹಾಕಿರಲಿಲ್ಲ. ಹೇಯ್ಸೆಯ್ ಐದರಲ್ಲಿ, 1993ಕ್ಕೆ, ವೃತ್ತಿಪರ ಲೀಗು ಬಂತು, ಇನ್ನು ಕಾರ್ಖಾನೆ ತಂಡಗಳ ಕತೆ ಮುಗಿಯಿತು ಎಂದರು. ಮುಗಿಯಲಿಲ್ಲ. ಮೆಟ್ಟಿಲು ಮೇಲಕ್ಕೂ ಬೆಳೆಯಿತು, ಕೆಳಕ್ಕೂ ಬೆಳೆಯಿತು. ನಮ್ಮ ಕಂಪನಿ ಹೇಯ್ಸೆಯ್ ಹನ್ನೊಂದರಲ್ಲಿ ಕೈಬಿಟ್ಟಿತು. ಹುಡುಗರು ಕೈಬಿಡಲಿಲ್ಲ. ಕಡುಬಿನ ಹೆಸರು ತೆಗೆದು ಇಸೊಮಿ ಕ್ಲಬ್ ಎಂದಿಟ್ಟುಕೊಂಡು ಮೊದಲ ವಿಭಾಗದಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಬಿದ್ದರು. ಈಗ ಹದಿನಾಲ್ಕು ವರ್ಷದಿಂದ ಅಲ್ಲೇ.

ಹೊರಡುವಾಗ ನೆಗಿಶಿ ಹೇಳಿದ, "ತಾತ, ಇದು ನನ್ನ ಕೊನೇ ವರ್ಷ. ಮಂಡಿ ಹೋಗಿದೆ. ಮೇಲಿನ ವಿಭಾಗಕ್ಕೆ ಹೋದ್ರೆ ಹೇಗಾದ್ರೂ ಇನ್ನೊಂದು ವರ್ಷ ಎಳೀತೀನಿ. ಇಲ್ದಿದ್ರೆ ಬೂಟು ಕಟ್ಟಿಡೋದೇ."

ಮರ್ಯಾದೆಯ ಉರಾಬೆಸಾನ್ ಹೋಗಿ ತಾತ ಆಗಿದ್ದೇನೆ, ಮೂರೇ ವಾರದಲ್ಲಿ.

ಏಪ್ರಿಲ್ 8, ಮಂಗಳವಾರ

ರೆಫರಿ ಹಿಂದಕ್ಕೆ ಓಡುವುದನ್ನು ಕಲಿಯಬೇಕು. ಚೆಂಡಿನ ಮೇಲೆ ಕಣ್ಣು, ಹೋಗುವ ದಿಕ್ಕಿಗೆ ಬೆನ್ನು. ಬಂದರಿನ ಕಟ್ಟೆಯ ಮೇಲೆ ಬೆಳಗ್ಗೆ ಅಭ್ಯಾಸ ಮಾಡಿದೆ. ಮೂವತ್ತು ಹೆಜ್ಜೆ ಚೆನ್ನಾಗಿಯೇ ಹೋಯಿತು. ಮೂವತ್ತೊಂದನೆಯದಕ್ಕೆ ಮೀನು ಒಣಗಿಸುವ ಚೌಕಟ್ಟಿನೊಳಗೆ ಕೂತಿದ್ದೆ.

ಮೀನಿನ ಹೆಂಗಸರು ನಕ್ಕ ನಗುವಿಗೆ ಕಡಲಕಾಗೆಗಳು ಎದ್ದು ಹಾರಿದವು. "ಇಕುಯೊಸಾನ್ ಗಂಡ ಹಿಂದ್ಹಿಂದಕ್ಕೆ ಹೋಗ್ತಿದಾನಲ್ಲೇ! ಮದ್ವೆಗೆ ಮುಂಚಿನ ಕಾಲಕ್ಕೆ ಹೊರಟ್ಯೇನಪ್ಪಾ?"

ಎಲ್ಲರ ಮುಂದೂ ಬಾಗಿ ಕ್ಷಮೆ ಕೇಳಿದೆ. ಮೀನಿಗೂ ಕೇಳಿದೆ ಅನ್ನಿಸುತ್ತದೆ.

ಏಪ್ರಿಲ್ 20, ಭಾನುವಾರ

ಮೊದಲ ಪಂದ್ಯ.

ಮೊದಲು ನಮ್ಮವರು ಆಡಿ ಗೆದ್ದರು, ಎರಡು-ಸೊನ್ನೆ. ಆಮೇಲೆ ಸಿಮೆಂಟ್ ಕಾರ್ಖಾನೆಗೂ ಶಾಲಾ ಮೇಷ್ಟ್ರುಗಳಿಗೂ ಆಟ, ಅದಕ್ಕೆ ನಾನು. ಅಂಚಿನಲ್ಲಿ ಬಾವುಟ ಹಿಡಿಯುವುದು ನೆಗಿಶಿ ಮತ್ತು ಜಿಕಾಯ್. ಆಡಿ ದಣಿದವರೇ ಬಾವುಟಕ್ಕೂ ನಿಲ್ಲಬೇಕು, ಮೂರನೇ ವಿಭಾಗದ ಪದ್ಧತಿ.

ಸೀಟಿ ಊದಿದಾಗಲೆಲ್ಲ ನನಗರಿವಿಲ್ಲದೆ ಸೊಂಟ ಬಾಗುತ್ತಿತ್ತು. ತಡೆದದ್ದಕ್ಕೆ ಕ್ಷಮಿಸಿ ಅನ್ನುವ ಹಾಗೆ. ಮೇಷ್ಟ್ರುಗಳು ಸಭ್ಯರು, ಅವರೂ ಬಾಗುತ್ತಿದ್ದರು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮೂವತ್ತನೇ ನಿಮಿಷಕ್ಕೆ ಸಿಮೆಂಟಿನವನೊಬ್ಬ ಎದುರಾಳಿಯ ಅಂಗಿ ಹಿಡಿದೆಳೆದ. ಹಳದಿ ಕಾರ್ಡು ತೋರಿಸಬೇಕು. ಕಾರ್ಖಾನೆಯಲ್ಲಿ ಕೊನೆಯ ಹತ್ತು ವರ್ಷ ನಾನಿದ್ದದ್ದು ಮಾರಾಟ ವಿಭಾಗ. ಕಾರ್ಡು ಅಂದರೆ ನನ್ನ ಕೈಗೆ ಗೊತ್ತಿರುವುದು ಒಂದೇ ರೀತಿ, ಗಿರಾಕಿಗೆ ವಿಸಿಟಿಂಗ್ ಕಾರ್ಡು ಕೊಡುವ ರೀತಿ. ಹಿಮ್ಮಡಿ ಕೂಡಿಸಿ ನಿಂತು, ಎರಡೂ ಕೈಯಲ್ಲಿ ಹಿಡಿದು, ಬಾಗಿ, "ಉರಾಬೆ ಅಂತ" ಎಂದು ಒಪ್ಪಿಸಿದೆ.

ಆ ಪುಣ್ಯಾತ್ಮನೂ ಎರಡೂ ಕೈಯಲ್ಲಿ ತೆಗೆದುಕೊಂಡ! ಮುಂದೆ ಓದಿದ, ಹಿಂದೆ ತಿರುಗಿಸಿದ, ಏನೂ ಬರೆದಿಲ್ಲವಲ್ಲ ಎಂದು ನನ್ನ ಮುಖ ನೋಡಿದ. "ನನ್ನ ಕಾರ್ಡು ಇವತ್ತು ತಂದಿಲ್ಲ, ಕ್ಷಮಿಸಿ" ಎಂದು ಇನ್ನೂ ಕೆಳಗೆ ಬಾಗಿದ. ಅವನಿಗಿಂತ ಮೇಲೆ ಇರುವುದು ತಪ್ಪಲ್ಲವೇ, ನಾನೂ ಬಾಗಿದೆ. ಅವನು ಮತ್ತೆ.

ಅಂಚಿನಿಂದ ನೆಗಿಶಿ ಕೂಗಿದ, "ತಾತಾ, ಅಲ್ಲೇನು ಹೆಣ್ಣು ನೋಡೋ ಶಾಸ್ತ್ರನಾ? ಆಟ ಬಿಡ್ರೀ!"

ಕಾರ್ಡು ವಾಪಸ್ ಕೇಳುವ ಧೈರ್ಯವಾಗಲಿಲ್ಲ. ಅವನು ಅದನ್ನು ಕಾಲುಚೀಲದೊಳಗೆ ಭದ್ರವಾಗಿ ಇಟ್ಟುಕೊಂಡು ಪೂರ್ತಿ ಆಟ ಆಡಿದ. ಅದೃಷ್ಟ, ಮತ್ತೆ ಕಾರ್ಡಿನ ಪ್ರಸಂಗ ಬರಲಿಲ್ಲ. ಆಟ ಮುಗಿದ ಮೇಲೆ ತೊಳೆದು ಒರೆಸಿ ತಂದುಕೊಟ್ಟ.

ಮನೆಗೆ ಬಂದು ಇಕುಯೊಗೆ ಎಲ್ಲ ಹೇಳಿದೆ. ನಗು ಬಂದು ಅರ್ಧಕ್ಕೇ ನಿಲ್ಲಿಸಿದೆ. ಊಟಕ್ಕೆ ಮೊಟ್ಟೆ ಹುರಿದುಕೊಂಡೆ. ತಳ ಹಿಡಿಯಿತು.

ಮೇ 18, ಭಾನುವಾರ

ನಾವು ಒಂದು-ಒಂದು. ನಾನು ಬಾಗಿದ್ದು ಒಂಬತ್ತು ಸಲ. ಜಿಕಾಯ್ ಎಣಿಸಿದ್ದ.

ಜೂನ್ 29, ಭಾನುವಾರ

ಆಟ ಮುಗಿದ ಮೇಲೆ ವ್ಯಾನಿನ ನೆರಳಲ್ಲಿ ಅನ್ನದ ಉಂಡೆ ತಿನ್ನುತ್ತ ಕೂತಿದ್ದೆವು. ಇವತ್ತು ನಾನು ಒಬ್ಬನನ್ನು ಮಾತಿನಲ್ಲೇ ಎಚ್ಚರಿಸಿ ಬಿಟ್ಟೆ, ಅವನು ಮತ್ತೆ ಒದ್ದ. ಅದರ ಮಾತು ಬಂತು.

"ಇಕುಯೊ ಅಕ್ಕ ಆಗಿದ್ರೆ ನೇರ ಕೆಂಪು," ಎಂದ ಜಿಕಾಯ್.

"ಅವಳಾ? ಮನೇಲಿ ಸೊಳ್ಳೆಗೂ ಜೋರಾಗಿ ಬೈದವಳಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ನೆಗಿಶಿ ಹೇಳಿದ, "ತಾತ, ಅಕ್ಕ ಒಂದ್ಸಲ ಬೇಲಿ ಆಚೆ ನಿಂತು ಬೈತಿದ್ದ ಪುರಸಭೆ ಸದಸ್ಯನ್ನ ಮೈದಾನದ ಗೇಟಿಂದಲೇ ಆಚೆ ಕಳಿಸಿದ್ರು. ಅವನು ಯಾವ ತಂಡದವನೂ ಅಲ್ಲ, ನಾಯಿ ತಿರುಗಾಡಿಸೋಕೆ ಬಂದಿದ್ದ. ನಾಯೀನ ಇರಲಿ ಬಿಡಿ ಅಂದ್ರು."

ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ, ಅನ್ನ ಮೂಗಿಗೆ ಹತ್ತಿತು. ನಲವತ್ತು ವರ್ಷ ಜೊತೆಗಿದ್ದ ಹೆಂಗಸು ಭಾನುವಾರಕ್ಕೊಮ್ಮೆ ಇಂಥವಳಾಗುತ್ತಿದ್ದಳಂತೆ, ನಾನು ಮೂರು ಮೈಲಿ ಆಚೆ ಗಾಳ ಹಾಕಿಕೊಂಡು ತೂಕಡಿಸುತ್ತಿದ್ದೆ. ಇನ್ನೂ ಹೇಳಿ, ಇನ್ನೂ ಹೇಳಿ ಎಂದೆ. ಕತ್ತಲಾಗುವವರೆಗೂ ಹೇಳಿದರು.

ಆಗಸ್ಟ್ 14, ಗುರುವಾರ

ಪಿತೃಗಳು ಮನೆಗೆ ಬರುವ ಹಬ್ಬ. ಜಿಕಾಯ್ ಬೆಳಗಿನಿಂದ ಸ್ಕೂಟರಿನಲ್ಲಿ ಮನೆಮನೆಗೂ ಸುತ್ತುತ್ತಿದ್ದಾನೆ. ನಮ್ಮನೆಗೆ ಬಂದಾಗ ನಿಲುವಂಗಿ ಬೆವರಿಗೆ ಅಂಟಿತ್ತು. ಏಳು ನಿಮಿಷಕ್ಕೆ ಮಂತ್ರ ಮುಗಿಸಿದ. ಉಳಿದ ಇಪ್ಪತ್ತು ನಿಮಿಷ ನಾವಿಬ್ಬರೂ ಪೆನಾಲ್ಟಿಯ ಬಗ್ಗೆ ಜಗಳ ಆಡಿದೆವು. ಒದೆಯುವ ಹೊತ್ತಿಗೆ ಕೀಪರನ ಒಂದು ಕಾಲಾದರೂ ಗೆರೆಯ ಮೇಲಿರಬೇಕು, ಎರಡೂ ಮುಂದೆ ಬಂದು ತಡೆದರೆ ಮತ್ತೆ ಒದೆಸಬೇಕು, ಇದು ಪುಸ್ತಕ. "ಒಂದಂಗುಲಕ್ಕೆಲ್ಲ ಯಾರು ನೋಡ್ತಾರೆ ತಾತ?" ಎಂದು ಅವನ ವಾದ. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ಕೂಡ ವಾದಿಸಿದ. ಪಕ್ಕದ ಮನೆಯವರು, ಪುರೋಹಿತರು ನಿಮ್ಮನೇಲಿ ಮಾತ್ರ ಇಷ್ಟು ಹೊತ್ತು ಮಾಡ್ತಾರಲ್ಲ ಎಂದು ಬೇಜಾರು ಮಾಡಿಕೊಂಡರಂತೆ.

ಮಧ್ಯಾಹ್ನಕ್ಕೆ ಬದನೆಕಾಯಿ ಸುಟ್ಟು ಶುಂಠಿ ತುರಿದು ತಿಂದೆ. ಚೆನ್ನಾಗಿತ್ತು.

ಸೆಪ್ಟೆಂಬರ್ 28, ಭಾನುವಾರ

ಗೆದ್ದೆವು! ನಾಲ್ಕು-ಒಂದು! ಏಳು ಆಟಕ್ಕೆ ಹದಿನಾಲ್ಕು ಅಂಕ, ಹತ್ತು ತಂಡಗಳಲ್ಲಿ ಎರಡನೆಯವರು! ನೆಗಿಶಿ ತಲೆಯಿಂದ ಗೋಲು ಹೊಡೆದು, ಹೊಡೆದ ಜಾಗದಲ್ಲೇ ಮಂಡಿ ಹಿಡಿದು ಕೂತು, ಕೂತಲ್ಲೇ ಕುಣಿದ. ಕೂತು ಕುಣಿಯುವುದನ್ನು ನಾನು ಈವರೆಗೆ ಕಂಡಿರಲಿಲ್ಲ.

ನನ್ನ ಆಟವೂ ಸರಿಯಾಗಿತ್ತು. ಒಬ್ಬ ಬಂದು ಎದೆಗೆ ಎದೆ ಕೊಟ್ಟು "ಎಲ್ಲಿ ನೋಡ್ತಿದೀಯಾ ಮುದುಕಪ್ಪಾ?" ಎಂದ. ಕಾರ್ಡು ತೋರಿಸಿದೆ, ಒಂದೇ ಕೈಯಲ್ಲಿ. ಸೊಂಟ ಸ್ವಲ್ಪ ನೋಯುತ್ತಿದೆ, ಬಹುಶಃ ಬಾಗದೇ ಇದ್ದು.

ಅಕ್ಟೋಬರ್ 19, ಭಾನುವಾರ

ಮತ್ತೆ ಗೆದ್ದೆವು. ಹದಿನೇಳು. ಓಸೆಗಾವಾ ಅಗ್ನಿಶಾಮಕ ದಳದವರು ಹದಿನೆಂಟು, ಒಂದೂ ಸೋತಿಲ್ಲ. ಮೇಲೆ ಹೋಗುವುದು ಮೊದಲನೆಯವರು ಮಾತ್ರ. ಉಳಿದಿರುವುದು ಒಂದೊಂದೇ ಆಟ, ನವೆಂಬರ್ ಒಂಬತ್ತಕ್ಕೆ, ಒಂದೇ ಮೈದಾನದಲ್ಲಿ. ಬೆಳಗ್ಗೆ ನಾವು ಗೆದ್ದರೆ ಇಪ್ಪತ್ತು. ಮಧ್ಯಾಹ್ನ ಅವರು ದಂತವೈದ್ಯರ ತಂಡದ ಮೇಲೆ ಗೆದ್ದರೆ ಇಪ್ಪತ್ತೊಂದು, ಗೆಲ್ಲದಿದ್ದರೆ ನಾವೇ ಮೇಲೆ! ವ್ಯಾನಿನಲ್ಲಿ ಹಾಡುತ್ತ ಬಂದೆವು. ಪುರೋಹಿತನಿಗೆ ಶ್ರುತಿಯೇ ಇಲ್ಲ ಅನ್ನುವುದು ಇವತ್ತು ತಿಳಿಯಿತು.

ಮನೆಗೆ ಬಂದು ಮಾರ್ಚ್‌ನಲ್ಲಿ ಕೊಟ್ಟಿದ್ದ ರೆಫರಿ ಪಾಳಿಯ ಪಟ್ಟಿ ತೆಗೆದು ನೋಡಿದೆ. ನವೆಂಬರ್ ಒಂಬತ್ತು, ಮಧ್ಯಾಹ್ನ, ಅಗ್ನಿಶಾಮಕ ದಳ ಮತ್ತು ದಂತವೈದ್ಯರು. ರೆಫರಿ: ಇಸೊಮಿ ಕ್ಲಬ್.

ಕನ್ನಡಕ ಒರೆಸಿ ಮತ್ತೆ ನೋಡಿದೆ. ಇಸೊಮಿ ಕ್ಲಬ್ಬೇ.

ಅಕ್ಟೋಬರ್ 20, ಸೋಮವಾರ

ಲೀಗಿನ ಕಾರ್ಯದರ್ಶಿಗೆ ಫೋನ್ ಮಾಡಿದೆ. ನಿವೃತ್ತ ಅಂಚೆಯಣ್ಣ, ಮನೆಯ ಅಡುಗೆ ಕೋಣೆಯಿಂದಲೇ ಲೀಗು ನಡೆಸುತ್ತಾರೆ. ಹಿಂದೆ ಕುಕ್ಕರ್ ಸದ್ದು ಕೇಳುತ್ತಿತ್ತು. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತಿದೆ ಎಂದೆ, ಕಾನ್‌ಫ್ಲಿಕ್ಟ್ ಆಫ್ ಏನೋ. ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟಿಂಗ್.

"ಇಂಟರೆಸ್ಟಿಂಗ್ ಇದೆ, ನಿಜ," ಎಂದರು. "ಆದ್ರೆ ಮೂರನೇ ವಿಭಾಗಕ್ಕೆ ಬೇರೆ ರೆಫರಿ ಎಲ್ಲಿಂದ ತರಲಿ ಯಜಮಾನ್ರೇ? ಅವತ್ತು ಎಲ್ಲಾ ಕಡೆ ಕೊನೇ ಆಟ. ದಳದವರನ್ನ ಕೇಳಿದೆ, ಅಡ್ಡಿಯಿಲ್ಲ ಅಂದ್ರು. ನಿಮ್ಮ ಆಟಕ್ಕೆ ಅವರ ರೆಫರಿ, ಅವರ ಆಟಕ್ಕೆ ನೀವು. ಲೆಕ್ಕ ಸರಿಹೋಯ್ತಲ್ಲ?"

ನವೆಂಬರ್ 8, ಶನಿವಾರ

ಊರಿಗೆಲ್ಲ ಸುದ್ದಿ. ಮೀನಿನ ಹೆಂಗಸರು ಒಂದು ದೊಡ್ಡ ಮೀನು ಕೊಟ್ಟು ಕಣ್ಣು ಹೊಡೆದರು, "ನಾಳೆ ನೋಡ್ಕೊಳ್ಳಿ ಯಜಮಾನ್ರೇ." ಏನು ನೋಡಿಕೊಳ್ಳಲಿ ಎಂದೆ. "ನೋಡ್ಬೇಕಾದ್ದನ್ನ ನೋಡ್ಬೇಡಿ ಅಷ್ಟೇ!" ಎಂದು ಒಬ್ಬಳು, ಎಲ್ಲರೂ ಹೋ ಎಂದು ನಕ್ಕರು. ಮೀನು ವಾಪಸ್ ಕೊಟ್ಟೆ. ತಮಾಷೆಗೆ ಹೇಳಿದ್ದು ಎಂದು ಅವರೇ ಬೇಸರಪಟ್ಟರು, ಅದಕ್ಕೆ ದುಡ್ಡು ಕೊಟ್ಟು ಕೊಂಡೆ. ಸೋಯಾ ಹಾಕಿ ಬೇಯಿಸಿದೆ. ತಲೆಭಾಗ ನಾಳೆಗೆ.

ನೆಗಿಶಿ ಸಂಜೆ ಬಂದು ಹೊಸಿಲಲ್ಲೇ ನಿಂತಿದ್ದ. "ನಾಳೆ ಬಗ್ಗೆ ನಾನೇನೂ ಹೇಳಲ್ಲ ತಾತ."

"ಹೇಳ್ಬೇಡ."

"ಹೇಳಲ್ಲ ಅಂತ ಹೇಳೋಕೆ ಬಂದೆ."

"ಸರಿ. ಮಂಡಿಗೆ ಬಿಸಿ ಶಾಖ ಕೊಡು, ಹೋಗು."

ನವೆಂಬರ್ 9, ಭಾನುವಾರ

ಕಾಲು ಬಿಸಿನೀರಿನ ಬೋಗುಣಿಯಲ್ಲಿದೆ. ಮೊದಲಿಂದ ಬರೆಯುತ್ತೇನೆ.

ಬೆಳಗ್ಗೆ ನಾವು ಗೆದ್ದೆವು, ಮೂರು-ಎರಡು. ಸೀಟಿ ಊದಿದ್ದು ಅಗ್ನಿಶಾಮಕ ದಳದ ರೆಫರಿ, ಬಾಗಿಲ ಗಾತ್ರದ ಆಸಾಮಿ. ನಾವು ಗೆಲ್ಲದಿದ್ದರೆ ಅವನ ತಂಡಕ್ಕೆ ಬರೀ ಡ್ರಾ ಸಾಕಾಗಿತ್ತು. ಆದರೂ ನಮ್ಮ ಮೂರನೇ ಗೋಲಿಗೆ ಎದುರಾಳಿಗಳೆಲ್ಲ ಆಫ್‌ಸೈಡ್ ಎಂದು ಕೈ ಎತ್ತಿದಾಗ ತಲೆ ಅಲ್ಲಾಡಿಸಿ ಗೋಲು ಕೊಟ್ಟ. ಅದು ಗೋಲೇ. ಸರಿಯಾಗಿಯೇ ಕೊಟ್ಟ. ಹಾಳಾದವನು.

ಮಧ್ಯಾಹ್ನ ಒಂದೂವರೆಗೆ ನಾನು ನಡುಗೆರೆಯಲ್ಲಿ ನಿಂತೆ. ಒಂದು ಬಾವುಟ ನೆಗಿಶಿ, ಇನ್ನೊಂದು ಜಿಕಾಯ್. ಉಳಿದ ಇಸೊಮಿಯವರೆಲ್ಲ ದಿಬ್ಬದ ಮೇಲೆ, ತೆರೆಯದ ಬಿಯರ್ ಡಬ್ಬಿ ಹಿಡಿದು ಸಾಲಾಗಿ ಕೂತಿದ್ದರು. ಗೆಲ್ಲಬೇಕಾದವರು ಬೆಂಕಿ ಆರಿಸುವವರು, ತಡೆಯಬೇಕಾದವರು ಹಲ್ಲು ಕೀಳುವವರು. ದಂತವೈದ್ಯರಿಗೆ ಗೆದ್ದರೂ ಸೋತರೂ ಒಂದೇ, ಆದರೂ ಏನು ಆಡಿದರು! ಬಾಯಿ ತೆರೆದು ಕೂತ ರೋಗಿಗೆ ಕೂಡ ಅಷ್ಟು ಗಮನ ಕೊಟ್ಟಿರಲಿಕ್ಕಿಲ್ಲ. ತೊಂಬತ್ತು ನಿಮಿಷಕ್ಕೆ ಒಂದು-ಒಂದು. ಹೆಚ್ಚುವರಿ ಮೂರು ನಿಮಿಷ ಕೊಟ್ಟೆ. ದಿಬ್ಬದ ಮೇಲೆ ಒಬ್ಬೊಬ್ಬರಾಗಿ ಎದ್ದು ನಿಂತರು.

ಎರಡನೇ ನಿಮಿಷ. ದಳದವರಿಗೆ ಕಾರ್ನರ್. ಚೆಂಡು ಬಂತು, ಹತ್ತು ತಲೆ ಒಟ್ಟಿಗೆ ಮೇಲೆದ್ದವು, ಆ ತಲೆಗಳ ನಡುವಿನಿಂದ ಒಂದು ಕೈ. ಎರಡು ಬೆರಳು. ಚೆಂಡು ಸವರಿಕೊಂಡು ಅಡ್ಡಗಂಬದ ಮೇಲಿಂದ ಹೊರಗೆ ಹೋಯಿತು.

ಯಾರೂ ಏನೂ ಅನ್ನಲಿಲ್ಲ. ಅದೇ ವಿಚಿತ್ರ. ದಳದವರು ಚೆಂಡು ತರಲು ಓಡಿದರು, ಇನ್ನೊಂದು ಕಾರ್ನರ್ ಎಂದುಕೊಂಡು. ಅವರ ಬೆಂಚು ಸುಮ್ಮನಿತ್ತು. ನೆಗಿಶಿ ಆ ತುದಿಯಲ್ಲೇ ಇದ್ದ, ಅವನಿಗೆ ಜನ ಅಡ್ಡ. ಕಂಡದ್ದು ನನ್ನೊಬ್ಬನಿಗೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಇಂಗ್ಲಿಷ್ ಕ್ರಿಯಾಪದಗಳೆಲ್ಲ ಮರೆತಿವೆ, ಆ ಕ್ಷಣಕ್ಕೆ ‘ನೋಡು’ ಅನ್ನುವ ಇದೊಂದು ತಲೆಯಲ್ಲಿ ಗಂಟೆ ಹೊಡೆದ ಹಾಗೆ ಹೊಡೆಯಿತು: ಸೀ, ಸಾ, ಸೀನ್. ಸೀ, ಸಾ, ಸೀನ್.

ಊದಿದೆ.

ಪೆನಾಲ್ಟಿ ಎಂದು ಕೈ ತೋರಿಸಿದೆ. ದಿಬ್ಬದ ಮೇಲೆ ಯಾರದೋ ಬಿಯರ್ ಡಬ್ಬಿ ಕೈಜಾರಿ ಉರುಳಿ ಉರುಳಿ ಬಂದು ಮಣ್ಣಿಗೆ ಬಿತ್ತು. ದಳದವರಿಗೇ ಅರ್ಥವಾಗಿರಲಿಲ್ಲ. "ಯಾಕೆ?" ಎಂದು ಪೆನಾಲ್ಟಿ ಸಿಕ್ಕವರೇ ಕೇಳಿದರು. ಆಗ ದಂತವೈದ್ಯರ ಗುಂಪಿನಿಂದ ಬಿಳಿ ಮೀಸೆಯ ಒಬ್ಬರು ಶಾಲೆಯ ಹುಡುಗನಂತೆ ನಿಧಾನ ಕೈ ಎತ್ತಿದರು.

"ನಂದೇ. ತಾಗಿತು. ಕ್ಷಮಿಸಿ, ವೃತ್ತಿ ದೋಷ. ಎಲ್ಲಿ ಸಂದು ಕಂಡ್ರೂ ಬೆರಳು ಹೋಗಿಬಿಡುತ್ತೆ."

ಹಳದಿ ತೋರಿಸಿದೆ.

ದಳದ ನಾಯಕ ತೊಗಾಶಿ ಚೆಂಡು ಇಟ್ಟ. ನೆಗಿಶಿ ನಿಯಮದಂತೆ ಗೋಲಿನ ಗೆರೆಯ ನೇರಕ್ಕೆ ಬಂದು ನಿಂತ. ಊದಿದೆ. ತೊಗಾಶಿ ಎಡಕ್ಕೆ ಒದ್ದ, ಕೀಪರ್ ಎಡಕ್ಕೇ ಹಾರಿದ, ಹಿಡಿದುಬಿಟ್ಟ!

ದಿಬ್ಬ ಕುಸಿದು ಬಿತ್ತು. ಇಸೊಮಿಯವರು ಉರುಳಿಕೊಂಡೇ ಇಳಿದರು, ಬಿಯರ್ ಚಿಮ್ಮಿತು, ಯಾರೋ ಯಾರದೋ ಹೆಗಲೇರಿದರು. ಆ ಕಡೆ ತುದಿಯಲ್ಲಿ ಜಿಕಾಯ್ ಬಾವುಟವನ್ನು ಆಕಾಶಕ್ಕೆ ಎಸೆದ. ನನ್ನ ಎದೆಯಲ್ಲೂ ಏನೋ ಹಾರಿತು, ಸುಳ್ಳು ಯಾಕೆ ಹೇಳಲಿ. ಸತ್ಯವೂ ಉಳಿಯಿತು, ತಂಡವೂ ಮೇಲೆ ಹೋಯಿತು ಎಂದುಕೊಂಡು ನೆಗಿಶಿಯ ಕಡೆ ತಿರುಗಿದೆ.

ನೆಗಿಶಿಯ ಬಾವುಟ ಮೇಲಿತ್ತು. ನೆಟ್ಟಗೆ, ಕಂಬದ ಹಾಗೆ. ಮುಖ ಮಾತ್ರ ಹಲ್ಲುನೋವಿನವನ ಮುಖ.

ನಡೆದುಕೊಂಡು ಹೋದೆ.

"ಏನಪ್ಪಾ?"

"ಕೀಪರ್ ಎರಡೂ ಕಾಲು ಮುಂದಿತ್ತು ತಾತ."

"ಎಷ್ಟು ಮುಂದೆ?"

"ಒಂದು ಟೈರಿನಗಲ."

"ಖಂಡಿತ?"

"ನನ್ನ ಹಣೆಬರಹ, ಖಂಡಿತ."

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನ ತುಟಿ ಅದುರುತ್ತಿತ್ತು. ಅಳು ಎಂದುಕೊಂಡೆ. ಅಲ್ಲ, ಕಳ್ಳ ನಗು ತಡೆಯುತ್ತಿದ್ದ. ನನಗೂ ಅಂಟಿತು. ಸೀಟಿ ಬಾಯಿಗಿಟ್ಟು ತಿರುಗಿದೆ, ಮತ್ತೆ ಒದೆಯಬೇಕು ಎಂದು ತೋರಿಸಿದೆ. ಹೆಗಲೇರಿದ್ದವನು ಹೆಗಲ ಮೇಲೇ ಉಳಿದ. ಇಳಿಸಲು ಯಾರಿಗೂ ತೋಚಲಿಲ್ಲ.

ತೊಗಾಶಿ ಈ ಸಲ ಬಲಕ್ಕೆ ಒದ್ದ. ಗೋಲು. ಎರಡು-ಒಂದು. ಕೊನೆಯ ಸೀಟಿ. ಇಪ್ಪತ್ತೊಂದು ಅವರಿಗೆ, ಇಪ್ಪತ್ತು ನಮಗೆ.

ದಳದವರು ನಾಯಕನನ್ನು ಎತ್ತಿ ಎತ್ತಿ ಗಾಳಿಗೆ ಹಾರಿಸುತ್ತಿದ್ದರು. ನಮ್ಮವರು ಮೈದಾನದ ಅಂಚಿನಲ್ಲಿ ಬಿಯರ್ ಮೆತ್ತಿಕೊಂಡು ನಿಂತಿದ್ದರು. ನಾನು ಹೋಗಿ ಎದುರು ನಿಂತೆ. "ಹಾಗಿತ್ತು, ಹಾಗೆ ಕೊಟ್ಟೆ" ಎಂದೆ. ಜಿಕಾಯ್ ತನ್ನ ಬಾವುಟ ಹುಡುಕಿಕೊಂಡು ಬಂದು, "ಹದಿನಾಲ್ಕು ವರ್ಷ ಬೇರೆಯವರು ನಮ್ಮನ್ನ ಸೋಲಿಸಿದ್ರು," ಎಂದ. "ಈ ವರ್ಷ ನಾವೇ ನಮ್ಮನ್ನ ಸೋಲಿಸ್ಕೊಂಡ್ವಿ. ಇದು ಪ್ರಗತಿ ಅಲ್ವೇನ್ರೋ?"

ಒಬ್ಬ ಫಕ್ಕನೆ ನಕ್ಕ. ಆಮೇಲೆ ನಿಲ್ಲಲಿಲ್ಲ. ಹದಿನೈದು ಗಂಡಸರು ಮಣ್ಣಿನಲ್ಲಿ ಬಿದ್ದು ಹೊಟ್ಟೆ ಹಿಡಿದು ಹೊರಳಿದೆವು. ದಳದವರು ಸಂಭ್ರಮ ನಿಲ್ಲಿಸಿ ನಮ್ಮನ್ನು ನೋಡಲು ಬಂದರು, ಗೆದ್ದದ್ದು ತಾವೋ ಇವರೋ ಎಂಬ ಅನುಮಾನದಲ್ಲಿ.

ನೀರು ಆರಿಹೋಯಿತು. ಮೀನಿನ ತಲೆ ಬಿಸಿಮಾಡಿ ತಿಂದೆ. ಹಸಿವೆಂದರೆ ಹಸಿವು.

ನವೆಂಬರ್ 10, ಸೋಮವಾರ

ಬೆಳಗ್ಗೆ ನೆಗಿಶಿಯ ಅಂಗಡಿಗೆ ಕುಂಟಿಕೊಂಡು ಹೋದೆ. ಅವನೂ ಕುಂಟುತ್ತಿದ್ದ. ಬೂಟು ಒಂದು ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದ.

"ಬಿಟ್ಟೆಯಾ?"

"ಬೂಟು ಬಿಟ್ಟೆ. ಮಾತು ಅಂದ್ರೆ ಮಾತು." ಪೆಟ್ಟಿಗೆ ಪಕ್ಕಕ್ಕೆ ತಳ್ಳಿ, "ಬಾವುಟ ಬಿಡಲ್ಲ. ಮೂರನೇ ದರ್ಜೆ ಪರೀಕ್ಷೆ ಜನವರಿಯಲ್ಲಂತೆ, ಓಟ ಇದೆ. ಇಬ್ಬರೂ ಕಟ್ಟೋಣ್ವಾ?"

ಕಟ್ಟೋಣ ಎಂದೆ.

ಅಷ್ಟರಲ್ಲಿ ತೊಗಾಶಿ ಬಂದ. ಸೂಟು, ಟೈ, ಕೈಯಲ್ಲಿ ಸಿಹಿತಿಂಡಿಯ ಪೆಟ್ಟಿಗೆ. ನೆಗಿಶಿಗೆ ಬಾಗಿದ, ನನಗೆ ಇನ್ನೂ ಕೆಳಗೆ ಬಾಗಿದ. ಅವರ ಬಾಗಿಲ ಗಾತ್ರದ ರೆಫರಿಗೆ ವಸಂತಕ್ಕೆ ಬೇರೆ ಊರಿನ ಠಾಣೆಗೆ ವರ್ಗವಂತೆ. ಎರಡನೇ ವಿಭಾಗದಲ್ಲೂ ತಂಡದ ಜೊತೆಗೊಬ್ಬ ರೆಫರಿ ಬೇಕು.

"ನಿನ್ನೆ ರಾತ್ರಿ ಇಡೀ ತಂಡ ಕೂತು ಮಾತಾಡಿದ್ವಿ ಸಾರ್. ನೀವು ನಮ್ಮಲ್ಲಿಗೆ ಬರಬೇಕು. ಅಲ್ಲಿ ಹುಲ್ಲಿನ ಮೈದಾನ. ರೆಫರಿಗೆ ಬೇರೆ ಕೋಣೆ ಇದೆ, ಬಾಗಿಲಿಗೆ ಚಿಲಕಾನೂ ಇದೆ."

ನೆಗಿಶಿ ಕೈಯಲ್ಲಿದ್ದ ಟೈರು ಹಾಗೇ ಬಿಟ್ಟ. ಅದು ಉರುಳಿ ಹೋಗಿ ಗೋಡೆಗೆ ಒರಗಿತು. ನಲವತ್ತಾರು ವರ್ಷದ ಇತಿಹಾಸದಲ್ಲಿ ಇಸೊಮಿಯ ಯಾವ ಆಟಗಾರನನ್ನೂ ಮೇಲಿನ ತಂಡ ಬಂದು ಕೇಳಿದ್ದಿಲ್ಲ.

"ಆಗಲ್ಲ," ಎಂದೆ.

ತೊಗಾಶಿ ತಬ್ಬಿಬ್ಬಾದ. ಹಾಗೆ ನೇರ ಹೇಳುವವರನ್ನು ನಮ್ಮ ಕಡೆ ಯಾರು ಕಂಡಿದ್ದಾರೆ. "ಇವತ್ತೇ ಹೇಳ್ಬೇಕು ಅಂತೇನಿಲ್ಲ..."

"ಇವತ್ತೇ ಹೇಳ್ತಿದೀನಿ. ನಾನು ಇಸೊಮಿ ಜೊತೆಗೆ ಬರೋ ರೆಫರಿ. ಸಿಹಿ ಇಟ್ಟು ಹೋಗಿ, ಚೆನ್ನಾಗಿ ಆಡಿ."

ಅವನು ಹೋದ ಮೇಲೆ ಇಬ್ಬರೂ ಪೆಟ್ಟಿಗೆ ಬಿಚ್ಚಿ ತಿಂದೆವು. ಹುರುಳಿ ಹೂರಣದ್ದು, ಬೆಲೆ ಬಾಳುವಂಥದ್ದು. ನಾಲ್ಕನೆಯದನ್ನು ಬಾಯಿಗಿಡುತ್ತ ನೆಗಿಶಿ ಕೇಳಿದ, "ತಾತ, ಆ ಕೈ ತಾಗಿದ್ದು ದೇವರಾಣೆಗೂ ಯಾರಿಗೂ ಕಾಣಿಸಿರಲಿಲ್ಲ. ಸುಮ್ನಿದ್ದಿದ್ರೆ ಆಗ್ತಿತ್ತು."

"ನೀನೂ ಬಾವುಟ ಎತ್ತದೆ ಇದ್ದಿದ್ರೆ ಆಗ್ತಿತ್ತು."

"ಆಗ್ತಿತ್ತಲ್ವಾ?"

"ಆಗ್ತಿತ್ತು."

ಮತ್ತೆ ಶುರುವಾಯಿತು. ನಗುತ್ತ ನಗುತ್ತ ಅವನು ಟೈರಿನ ಮೇಲೆ ಕೂತ, ನಾನು ಅವನ ಮೇಲೆ ಬೀಳುವುದರಲ್ಲಿದ್ದೆ. ಬಾಗಿಲಲ್ಲಿ ಯಾರೋ ಗಿರಾಕಿ, ಪಂಕ್ಚರಾದ ಸೈಕಲ್ ಹಿಡಿದು ಎಷ್ಟು ಹೊತ್ತಿನಿಂದ ನಿಂತಿದ್ದಳೋ, "ಅಂಗಡಿ ತೆಗ್ದಿದೆಯಾ?" ಎಂದು ಕೇಳಿದಳು.

"ಇಲ್ಲ," ಎಂದೆವು, ಇಬ್ಬರೂ ಒಟ್ಟಿಗೆ.

ಅವಳು ಸೈಕಲ್ ತಳ್ಳಿಕೊಂಡು ತಿರುವು ದಾಟಿದ ಮೇಲೆ ಅಂಗಡಿ ತೆಗೆದೇ ಇದೆ ಎಂದು ನೆನಪಾಗಿ, ನೆಗಿಶಿ ಕುಂಟುತ್ತ ಹಿಂದೆ ಓಡಿದ. ಅಂಗಡಿ ಕಾಯುತ್ತ ನಾನು ಐದನೆಯದನ್ನು ತೆಗೆದುಕೊಂಡೆ.